ಪುಸ್ತಕದಲ್ಲಿಲ್ಲದ ಕೀಲಿಯನ್ನು ಕದ್ದವಳ ಪರವಾಗಿ

ಆಸ್ಪತ್ರೆಯ ದಾಸ್ತಾನು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಯಾವ ಪುಸ್ತಕದಲ್ಲೂ ಇಲ್ಲದ ಒಂದು ವಸ್ತುವನ್ನು ಕದ್ದಳೆಂದು ನೀವು ನನ್ನ ಚಿಕ್ಕಮ್ಮನನ್ನು ಕೆಲಸದಿಂದ ಹೊರಗೆ ನಿಲ್ಲಿಸಿ ಇವತ್ತಿಗೆ ನಲವತ್ತೊಂದು ದಿನ. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ವಿಚಾರಣೆ. ಅಂದು ಆಕೆ ಹತ್ತೊಂಬತ್ತು ವರ್ಷ ದುಡಿದ ಆಯಾ ಆಗಿ ಒಳಗೆ ಹೋಗುತ್ತಾಳೆ. ಕಳ್ಳಿಯಾಗಿ ಹೊರಗೆ ಬರಬೇಕೆಂಬುದು ತಮ್ಮ ಅಪೇಕ್ಷೆ. ಹಾಗೆ ಬರೆದುಬಿಟ್ಟರೆ ಕೆಲಸ ಹೋಗುತ್ತದೆ, ಇನ್ನೆರಡು ವರ್ಷಕ್ಕೆ ಬರಬೇಕಾಗಿದ್ದ ಪಿಂಚಣಿಯೂ ಹೋಗುತ್ತದೆ. ಅಷ್ಟು ದೊಡ್ಡ ಕಳ್ಳತನ ಯಾವುದಪ್ಪ ಎಂದು ಇದನ್ನು ಓದುವವರು ಕೇಳಬಹುದು. ಚಿನ್ನವಲ್ಲ, ಔಷಧಿಯಲ್ಲ, ಯಂತ್ರವಲ್ಲ. ಆಮ್ಲಜನಕದ ಸಿಲಿಂಡರನ್ನು ತೆರೆಯುವ, ಅಂಗೈಯುದ್ದದ ಒಂದು ಕಬ್ಬಿಣದ ಕೀಲಿ.

ನನ್ನ ಮುಖ ತಮಗೆ ನೆನಪಿರಲಿಕ್ಕಿಲ್ಲ. ಬೆನ್ನು ನೆನಪಿರಬಹುದು. ಹೋದ ವರ್ಷ ಎರಡು ತಿಂಗಳು ನಿಮ್ಮ ಕಚೇರಿ, ವಾರ್ಡು, ಮೊಗಸಾಲೆಗಳಲ್ಲಿ ಕುಕ್ಕರಗಾಲಲ್ಲಿ ಕೂತು, ಮಂಚ ಮೇಜು ಬೆಂಚುಗಳಿಗೆಲ್ಲ ಬಿಳಿ ಬಣ್ಣದಲ್ಲಿ ಅಂಕಿ ಬರೆದವಳು ನಾನು. ಓದಿದ್ದು ನಾಲ್ಕನೇ ತರಗತಿ. ಈ ಪತ್ರದಲ್ಲಿ ಬರುವ ದೊಡ್ಡ ಪದಗಳೆಲ್ಲ ನಿಮ್ಮವೇ. ನಿಮ್ಮ ಸುತ್ತೋಲೆಗಳನ್ನು ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವ ಕೆಲಸವೂ ನನ್ನದಾಗಿತ್ತು. ಬರೆಯುತ್ತ ಬರೆಯುತ್ತ ಕಲಿತೆ. ಎಲ್ಲಾದರೂ ತಪ್ಪಾಗಿದ್ದರೆ ಮೂಲದಲ್ಲೇ ಹಾಗಿತ್ತೆಂದು ತಿಳಿಯಬೇಕು.

ಈಗ ತಮ್ಮ ಸುತ್ತೋಲೆಗೆ ಬರುತ್ತೇನೆ. ತಾವು ಬರುವ ಮುಂಚೆ ಆಸ್ಪತ್ರೆಯಲ್ಲಿ ಯಾವ ಸಾಮಾನನ್ನು ದಾಸ್ತಾನಿನಲ್ಲಿ ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕವಿತ್ತಂತೆ. ಒಂದು ವಾರ್ಡಿನಲ್ಲಿ ಕತ್ತರಿಯನ್ನೂ ಬರೆಯುತ್ತಿದ್ದರು, ಪಕ್ಕದ ವಾರ್ಡಿನಲ್ಲಿ ಕಪಾಟನ್ನೂ ಬರೆಯುತ್ತಿರಲಿಲ್ಲ. ಇದು ಸರಿಯಲ್ಲ, ಒಂದೇ ನಿಯಮ ಬೇಕು ಎಂದಿರಿ. ಬೇಕೇ ಬೇಕು, ಯಾರು ಬೇಡವೆಂದರು? ಆದರೆ ತಾವು ಮಾಡಿದ ನಿಯಮ ಇದು: ಯಾವ ವಸ್ತುವಿನ ಮೇಲೆ ಸಂಸ್ಥೆಯ ಅಂಕಿಯನ್ನು ಸ್ಪಷ್ಟವಾಗಿ ಬರೆಯಲು ಸಾಧ್ಯವೋ ಅದು ದಾಸ್ತಾನು ವಸ್ತು, ಯಾವುದರ ಮೇಲೆ ಸಾಧ್ಯವಿಲ್ಲವೋ ಅದಕ್ಕೆ ಪುಸ್ತಕದ ಅಗತ್ಯವಿಲ್ಲ.

ಓದಲು ಅಚ್ಚುಕಟ್ಟಾಗಿದೆ. ಆದರೆ ಅಂಕಿ ಬರೆಯುವ ಅಚ್ಚಿನ ತಗಡನ್ನು ಕತ್ತರಿಸಿಕೊಟ್ಟವರೂ ತಾವೇ. ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ಎತ್ತರ. ಮೊದಲು ಆಸ್ಪತ್ರೆಯ ಎರಡಕ್ಷರ, ಆಮೇಲೆ ವಿಭಾಗದ ಅಂಕಿ, ಆಮೇಲೆ ಆ ವಸ್ತು ಪುಸ್ತಕಕ್ಕೆ ಸೇರಿದ ತಿಂಗಳು ಮತ್ತು ವರ್ಷ, ಕೊನೆಗೆ ಕ್ರಮಸಂಖ್ಯೆ. ಎಲ್ಲ ಸೇರಿ ಒಂದು ಗೇಣಿಗಿಂತ ಎರಡು ಬೆರಳು ಹೆಚ್ಚು. ಇಷ್ಟು ದೊಡ್ಡದು ಯಾಕೆ ಸಾರ್ ಎಂದು ನಿಮ್ಮ ಹಿರಿಯ ಗುಮಾಸ್ತರು ಕೇಳಿದಾಗ ತಾವು ಕೊಟ್ಟ ಉತ್ತರವನ್ನು, ಏಣಿಯ ಮೇಲೆ ಕೂತು ತಮ್ಮ ಕೋಣೆಯ ಗಡಿಯಾರಕ್ಕೆ ಅಂಕಿ ಬರೆಯುತ್ತಿದ್ದ ನಾನು ಕೇಳಿಸಿಕೊಂಡೆ.

"ತಪಾಸಣೆಗೆ ಬಂದವರು ಬಾಗಿಲಲ್ಲೇ ನಿಂತು ಓದ್ಕೊಂಡು ಹೋಗ್ಬೇಕು ಕಣ್ರೀ. ರೋಗಿಗಳ ಮಧ್ಯೆ ಯಾರು ನುಗ್ತಾರೆ?"

ಹೀಗೆ, ಮಾನ್ಯರೇ, ಒಂದು ಆಸ್ಪತ್ರೆಗೆ ಯಾವುದು ಮುಖ್ಯ ಯಾವುದು ಮುಖ್ಯವಲ್ಲ ಎಂಬುದನ್ನು ವೈದ್ಯರು ತೀರ್ಮಾನಿಸಲಿಲ್ಲ, ಸಿಸ್ಟರುಗಳು ತೀರ್ಮಾನಿಸಲಿಲ್ಲ, ರೋಗಿಗಳಂತೂ ಮೊದಲೇ ಇಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತ ಮನುಷ್ಯನ ಕಣ್ಣಿಗೆ ಏನು ಕಾಣುತ್ತದೋ ಅದೇ ಆಸ್ಪತ್ರೆ ಎಂದಾಯಿತು.

ನಾನು ಕೂಲಿಯವಳು, ತೋರಿಸಿದ್ದಕ್ಕೆಲ್ಲ ಬರೆದೆ. ಕಾಲು ಮುರಿದ ಮೇಜಿಗೆ ಬರೆದೆ. ಚಕ್ರವಿಲ್ಲದ ಸ್ಟ್ರೆಚರಿಗೆ ಬರೆದೆ. ಬಟ್ಟೆ ಒಗೆಯುವ ಕಲ್ಲಿಗೆ ಬರೆದೆ; ಅದು ನೆಲಕ್ಕೆ ಹೂತ ಕಲ್ಲು, ಕದಿಯಬೇಕೆಂದರೆ ಆಸ್ಪತ್ರೆಯ ಹಿಂದಿನ ಅಂಗಳವನ್ನೇ ಅಗೆದುಕೊಂಡು ಹೋಗಬೇಕು. ಮಕ್ಕಳ ವಾರ್ಡಿಗೆ ಆಗ ಒಂದು ಹೊಸ ಪೆಟ್ಟಿಗೆ ಬಂದಿತ್ತು. ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಉಸಿರು ಎಷ್ಟಿದೆ ಎಂದು ತೋರಿಸುವ ಎಂಟು ಪುಟ್ಟ ಯಂತ್ರಗಳು ಅದರೊಳಗಿದ್ದವು. ಯಂತ್ರ ಬೆಂಕಿಪೊಟ್ಟಣದಷ್ಟು. ಅಚ್ಚಿನ ತಗಡು ಕೂರಲಿಲ್ಲ. ನಿಮ್ಮ ಗುಮಾಸ್ತರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರೂ ಸುತ್ತೋಲೆಯ ಮುಖ ನೋಡಿದೆವು. ಕೊನೆಗೆ ಅಂಕಿಯನ್ನು ಪೆಟ್ಟಿಗೆಯ ಮೇಲೆ ಬರೆಸಿದರು. ಯಂತ್ರಗಳು ಒಂದೊಂದಾಗಿ ಎಲ್ಲಿಗೆ ಹೋದವೋ ಗೊತ್ತಿಲ್ಲ, ಈಗ ಉಳಿದಿರುವುದು ಎರಡು ಎನ್ನುತ್ತಾರೆ. ಆದರೆ ಮರದ ಪೆಟ್ಟಿಗೆ ಸುರಕ್ಷಿತವಾಗಿದೆ. ವಾರ್ಷಿಕ ತಪಾಸಣೆಯಲ್ಲಿ ಅದನ್ನು ಬಾಗಿಲಿನಿಂದಲೇ ನೋಡಿ, 'ಸರಿಯಾಗಿದೆ' ಎಂದು ಬರೆದು ಹೋದರು. ಸುಳ್ಳೇನಲ್ಲ. ಪೆಟ್ಟಿಗೆ ಸರಿಯಾಗಿಯೇ ಇದೆ.

ಸಿಲಿಂಡರುಗಳಿಗೂ ಬರೆದೆ. ಒಳ್ಳೆಯ ಎತ್ತರದ ಕರಿ ಸಿಲಿಂಡರು, ಬಿಳಿ ಅಂಕಿ, ನೋಡಲು ಚೆಂದ. ಅದರ ತಲೆಯಲ್ಲಿ ಚೌಕದ ಒಂದು ಕಡ್ಡಿ ಇರುತ್ತದೆ. ಅದನ್ನು ತಿರುಗಿಸಿದರೆ ಗಾಳಿ ಬರುತ್ತದೆ. ಬರಿಗೈಯಿಂದ ತಿರುಗುವುದಿಲ್ಲ, ಪೈಲ್ವಾನರಿಂದಲೂ ತಿರುಗುವುದಿಲ್ಲ. ಅದಕ್ಕೆಂದೇ ಒಂದು ಕೀಲಿ ಇದೆ. ಆ ಕೀಲಿಯ ಹಿಡಿ ಒಂದು ಬೆರಳಗಲ. ತಗಡು ಕೂರಲಿಲ್ಲ. ಆದ್ದರಿಂದ ಅದು ದಾಸ್ತಾನು ವಸ್ತುವಲ್ಲ. ಹಾಗಾದರೆ ಹತ್ತಿ, ಸೋಪಿನ ಜೊತೆ ಖರ್ಚಾಗುವ ಸಾಮಾನಿನ ಪಟ್ಟಿಯಲ್ಲಾದರೂ ಇರಬೇಕಲ್ಲ? ಅಲ್ಲೂ ಇಲ್ಲ. ಯಾಕೆಂದರೆ ಕಬ್ಬಿಣ ಖರ್ಚಾಗುವುದಿಲ್ಲ. ಬರೆಯಲು ಜಾಗವಿಲ್ಲದ್ದರಿಂದ ಅದು ಸ್ವತ್ತಲ್ಲ, ಸವೆಯದಿರುವುದರಿಂದ ಅದು ಸರಕೂ ಅಲ್ಲ. ಅತ್ತ ದರಿ, ಇತ್ತ ಪುಲಿ; ನಡುವೆ ಒಂದು ಕೀಲಿ. ಅದು ತೆರೆಯುವ ಗಾಳಿಯಲ್ಲಿ ಉಸಿರಾಡುವ ಮನುಷ್ಯರು ಯಾವ ಪಟ್ಟಿಯಲ್ಲಿದ್ದಾರೆ ಎಂದು ಕೇಳುವಷ್ಟು ನಾನು ಓದಿಲ್ಲ.

ಚಿಕ್ಕಮ್ಮನ ವಾರ್ಡಿನಲ್ಲಿ ನಾಲ್ಕು ಕೀಲಿಗಳಿದ್ದವು. ಒಂದು, ಖಾಲಿ ಸಿಲಿಂಡರಿನ ತಲೆಯಲ್ಲೇ ಉಳಿದು ಲಾರಿ ಹತ್ತಿ ಹೋಯಿತು. ಒಂದನ್ನು ನಲ್ಲಿ ರಿಪೇರಿಗೆ ಬಂದವನು ಕೇಳಿ ತೆಗೆದುಕೊಂಡ. ನಲ್ಲಿ ಇವತ್ತಿಗೂ ಸೋರುತ್ತದೆ, ಕೀಲಿ ಮಾತ್ರ ಬರಲಿಲ್ಲ. ಇನ್ನೊಂದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಹೊಸದು ಬೇಕೆಂದು ಹೆಡ್ ಸಿಸ್ಟರ್ ಚೀಟಿ ಬರೆದು ಚಿಕ್ಕಮ್ಮನ ಕೈಯಲ್ಲಿ ನಿಮ್ಮ ಉಗ್ರಾಣಕ್ಕೆ ಕಳಿಸಿದರು. ಅಲ್ಲಿ ನಡೆದ ಮಾತನ್ನು ಚಿಕ್ಕಮ್ಮ ಮನೆಯಲ್ಲಿ ಎಷ್ಟು ಸಲ ಆಡಿ ತೋರಿಸಿದ್ದಾಳೆಂದರೆ ನನಗೆ ಬಾಯಿಪಾಠವಾಗಿದೆ.

"ಹೊಸದು ಕೊಡ್ಬೇಕು ಅಂದ್ರೆ ಹಳೇದು ಕಳೆದಿದೆ ಅಂತ ಪುಸ್ತಕದಲ್ಲಿ ತೋರಿಸ್ಬೇಕು" ಎಂದರು ಉಗ್ರಾಣದವರು.

"ತೋರಿಸಿ ಸ್ವಾಮಿ."

"ಪುಸ್ತಕದಲ್ಲಿ ಕೀಲಿ ಅಂತಾನೇ ಇಲ್ಲ. ಇಲ್ಲದ್ದು ಹ್ಯಾಗಮ್ಮ ಕಳೆಯುತ್ತೆ?"

"ಹಾಗಾದ್ರೆ ಕಳೆದಿಲ್ಲ ಅಂತಾನೇ ಇಟ್ಕೊಳಿ. ಕಳೆಯದೆ ಇರೋ ಆ ಮೂರನ್ನ ಕೊಟ್ಬಿಡಿ, ಹೋಗ್ತೀನಿ."

"ಆಯಮ್ಮಾ, ನಿನಗೆ ನಾಲಿಗೆ ಉದ್ದ ಆಯ್ತು."

"ಒಂದು ಗೇಣಿದ್ದಿದ್ರೆ ಅದಕ್ಕೂ ಅಂಕಿ ಬರೆಸ್ತಿದ್ರಿ, ಬಿಡಿ."

ಆ ಒಂದು ಕೀಲಿಯಲ್ಲೇ ವಾರ್ಡು ನಡೆಯಿತು. ಒಂದು ಮಧ್ಯಾಹ್ನ, ರೋಗಿಗಳ ಊಟವಾಗಿ ತಟ್ಟೆ ಎತ್ತುವ ಹೊತ್ತಿನಲ್ಲಿ, ಏಳನೇ ಮಂಚದ ದರ್ಜಿ ತಾತನಿಗೆ ಉಸಿರು ಕಟ್ಟಿತು. ಸಿಲಿಂಡರು ತಲೆದೆಸೆಯಲ್ಲೇ ಇತ್ತು, ತುಂಬಿತ್ತು, ಅಂಕಿಯೂ ಇತ್ತು. ಕೀಲಿ ಇರಲಿಲ್ಲ. ಹೆಡ್ ಸಿಸ್ಟರ್ ಆತನನ್ನು ಎತ್ತಿ ಕೂರಿಸಿ ಬೆನ್ನು ಹಿಡಿದುಕೊಂಡರು, ಚಿಕ್ಕಮ್ಮ ಓಡಿದಳು. ಪಕ್ಕದ ವಾರ್ಡು, ಅದರಾಚೆಯ ವಾರ್ಡು, ಎಲ್ಲೂ ಒಂದು ಕೀಲಿ ಇಲ್ಲ; ಮೆಟ್ಟಿಲು ಹತ್ತಿ ಮೇಲಿನ ಮಹಡಿ. ಐವತ್ತಾರು ವರ್ಷದ ಹೆಂಗಸು, ಮೊಣಕಾಲು ನೋವಿನವಳು. ಕೊನೆಗೆ ಸಿಕ್ಕಿದ್ದೆಲ್ಲಿ? ಮಹಡಿಯ ಬಟ್ಟೆಕೋಣೆಯ ಬಾಗಿಲು ಗಾಳಿಗೆ ಬಡಿಯದಿರಲೆಂದು ಯಾರೋ ಅದನ್ನು ಬಾಗಿಲ ಕೆಳಗೆ ಬೆಣೆಯಾಗಿ ಹೊಡೆದಿದ್ದರು. ಅದನ್ನು ಕಿತ್ತುಕೊಂಡು ಇಳಿದು ಬರುವಷ್ಟರಲ್ಲಿ ತಾತನ ತುಟಿ ನೀಲಿಗೆ ತಿರುಗಿತ್ತು. ಬದುಕಿದ. ಆಸ್ಪತ್ರೆಯ ದಾಸ್ತಾನಿನ ದಯೆಯಿಂದಲ್ಲ, ಬಟ್ಟೆಕೋಣೆಯ ಬಾಗಿಲಿಗೆ ಬೇರೊಂದು ಬೆಣೆ ಸಿಕ್ಕಿರಲಿಲ್ಲ ಎಂಬ ಪುಣ್ಯದಿಂದ.

ಮನುಷ್ಯ ಚೇತರಿಸಿಕೊಂಡ ಮೇಲೆ ಕೇಳಿದನಂತೆ, "ಆ ಕೀಲಿ ಕೊಡಮ್ಮ ಇಲ್ಲಿ." ಕೀಲಿಯ ಹಿಡಿಯಲ್ಲಿ ಒಂದು ತೂತಿದೆ. ಮಗಳ ಕೈಯಲ್ಲಿ ಮನೆಯಿಂದ ಸೂಜಿ ದಾರ ತರಿಸಿ, ಮಂಚದ ಮೇಲೆ ಕೂತೇ, ದಪ್ಪ ಬಿಳಿ ಪಟ್ಟಿಯೊಂದನ್ನು ಆ ತೂತಿನಲ್ಲಿ ಪೋಣಿಸಿ ಎರಡು ಸಲ ಹೊಲಿದುಕೊಟ್ಟ. "ಕುತ್ತಿಗೆಗೆ ಹಾಕ್ಕೋ ತಾಯಿ. ಇನ್ನೊಂದು ಸಲ ಮಹಡಿ ಹತ್ಬೇಡ. ನಿನಗೂ ವಯಸ್ಸಾಯ್ತು, ನನಗೂ ಅಷ್ಟು ಹೊತ್ತು ಕಾಯೋಕಾಗಲ್ಲ."

ಅಂದಿನಿಂದ ಆ ವಾರ್ಡಿನಲ್ಲಿ ಒಂದು ಪದ್ಧತಿ ಶುರುವಾಯಿತು. ಚಿಕ್ಕಮ್ಮ, ಅವಳ ನಂತರದ ಪಾಳಿಯ ಗುಂಗುರುಕೂದಲ ಆಯಾ, ಮೂರನೇ ಪಾಳಿಯ ಕುಳ್ಳಿ ಆಯಾ, ಈ ಮೂವರು ಪಾಳಿ ಬದಲಾಗುವಾಗ ಕೀಲಿಯನ್ನು ಕುತ್ತಿಗೆಯಿಂದ ಕುತ್ತಿಗೆಗೆ ದಾಟಿಸುತ್ತಿದ್ದರು. ಕೈಗೆ ಕೊಡುವಂತಿಲ್ಲ, ಮೇಜಿನ ಮೇಲೆ ಇಡುವಂತಿಲ್ಲ. ಮುಂದಿನವಳು ಬಂದು ತಲೆ ಬಗ್ಗಿಸಬೇಕು, ಇವಳು ತನ್ನ ಕುತ್ತಿಗೆಯಿಂದ ತೆಗೆದು ಅವಳಿಗೆ ಹಾಕಬೇಕು. ಹಾಕಿದ ಮೇಲೆಯೇ ಹೊರಡಬೇಕು. ಒಂದು ದಿನ ಗುಂಗುರುಕೂದಲಿನವಳು ಎರಡು ತಾಸು ತಡವಾಗಿ ಬಂದಳೆಂದು ಚಿಕ್ಕಮ್ಮ ಎರಡು ತಾಸೂ ವಾರ್ಡಿನಲ್ಲೇ ಕೂತಿದ್ದಳು. ಎಂಟು ತಿಂಗಳಲ್ಲಿ ಕೀಲಿ ಒಂದು ಗಳಿಗೆಯೂ ಕಾಣೆಯಾಗಲಿಲ್ಲ. ಪುಸ್ತಕ ಬೇಕಾಗಲಿಲ್ಲ, ಅಂಕಿ ಬೇಕಾಗಲಿಲ್ಲ, ಬಾಗಿಲಲ್ಲಿ ನಿಂತು ನೋಡುವವರಂತೂ ಬೇಕಾಗಲೇ ಇಲ್ಲ. ಇಡೀ ಆಸ್ಪತ್ರೆಯಲ್ಲಿ ಯಾವ ಹೊತ್ತಿನಲ್ಲಿ ಯಾರ ಬಳಿ ಇದೆ ಎಂದು ಖಚಿತವಾಗಿ ಹೇಳಬಹುದಾಗಿದ್ದ ಒಂದೇ ಒಂದು ವಸ್ತು ಅದು. ದಾಸ್ತಾನು ಅಂದರೆ ಅದೇ ಅಲ್ಲವೇ, ಮಾನ್ಯರೇ? ತಮ್ಮ ವಿಭಾಗದ ಇಪ್ಪತ್ತೆರಡು ಜನ ಮಾಡಲಾಗದ್ದನ್ನು ಮೂವರು ಆಯಾಗಳು ಒಂದು ಬಟ್ಟೆಪಟ್ಟಿಯಲ್ಲಿ ಮಾಡಿದರು.

ಇದು ತಮ್ಮ ಗಮನಕ್ಕೆ ಬಂದಾಗ ತಾವು ಅವರನ್ನು ಕರೆದು ಬೆನ್ನು ತಟ್ಟಬಹುದಾಗಿತ್ತು. ತಾವು ಅಂಥ ತಪ್ಪು ಮಾಡುವವರಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ, ಕೆಲಸದ ನಡುವೆ, ಚಿಕ್ಕಮ್ಮ ಗೇಟು ದಾಟಿ ಎದುರಿನ ಅಂಗಡಿಗೆ ಟೀ ಕುಡಿಯಲು ಹೊರಟಳು. ಮಾಡಬಾರದಿತ್ತು, ಒಪ್ಪುತ್ತೇನೆ. ಕುತ್ತಿಗೆಯಲ್ಲಿ ಕೀಲಿ ಇತ್ತು; ಅವಳಿಗೆ ಅದು ಮೈಮೇಲಿನ ಸೆರಗಿನಷ್ಟೇ ರೂಢಿಯಾಗಿಹೋಗಿತ್ತು. ಆ ವಾರವಷ್ಟೇ ತಾವು ಗೇಟಿನಲ್ಲಿ ಕೆಳಗಿನ ಸಿಬ್ಬಂದಿಯ ಚೀಲ ಸೆರಗು ತಪಾಸಣೆ ಮಾಡಬೇಕೆಂದು ಹೇಳಿದ್ದಿರಿ. ಎಂಟು ಯಂತ್ರದಲ್ಲಿ ಆರು ಹೋದ ಸುದ್ದಿ ಅಂತೂ ತಮ್ಮ ಕಿವಿಗೆ ಬಿದ್ದಿತ್ತಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗೇಟಿನ ಕಾವಲುಗಾರ ಪಟ್ಟಿ ಎಳೆದು ನೋಡಿದ.

"ಏನಮ್ಮಾ ಇದು?"

"ಕಣ್ಣಿಲ್ವಾ? ಸಿಲಿಂಡರ್ ಕೀಲಿ."

"ಆಸ್ಪತ್ರೆದೇ ತಾನೆ?"

"ಮತ್ತೆ ನಮ್ಮಪ್ಪ ಕೊಡಿಸಿದ್ದಾ? ಟೀ ಕುಡಿದು ಬರ್ತೀನಿ, ದಾರಿ ಬಿಡೋ."

ಆಸ್ಪತ್ರೆಯದೇ ಎಂದು ಅವಳು ಹೇಳಿದ ಆ ಮಾತು ತಮ್ಮ ಆರೋಪಪಟ್ಟಿಯಲ್ಲಿ 'ತಪ್ಪೊಪ್ಪಿಗೆ' ಎಂದು ದಾಖಲಾಗಿದೆ. ದರ್ಜಿ ತಾತ ಹೊಲಿದುಕೊಟ್ಟ ಪಟ್ಟಿ 'ಕಳವಿನ ಪೂರ್ವಸಿದ್ಧತೆಯಾಗಿ ವಿಶೇಷವಾಗಿ ತಯಾರಿಸಿದ ಸಾಧನ' ಎಂದು ದಾಖಲಾಗಿದೆ. ಎಂಟು ತಿಂಗಳಿಂದ ಹಗಲು ಬೆಳಕಿನಲ್ಲಿ, ವೈದ್ಯರ ಕಣ್ಣೆದುರು, ಎದೆಯ ಮೇಲೆ ತೂಗಾಡುತ್ತಿದ್ದ ವಸ್ತುವನ್ನು ಬಚ್ಚಿಟ್ಟದ್ದು ಎಂದು ಬರೆಯಲು ಎಂಥ ಕಲ್ಪನೆ ಬೇಕು. ನಾನು ಕತೆ ಬರೆಯುವವಳಾಗಿದ್ದರೆ ತಮ್ಮ ಬಳಿ ಪಾಠಕ್ಕೆ ಬರುತ್ತಿದ್ದೆ.

ಅಂದೇ ಚಿಕ್ಕಮ್ಮ ಅಮಾನತಾದಳು; ಕೀಲಿ ತಮ್ಮ ಕೋಣೆಯ ಕಪಾಟಿಗೆ ಹೋಯಿತು. ವಾರ್ಡಿಗೆ ಆ ಕೀಲಿ ಒಂದೇ ಇರುವುದು, ದಯವಿಟ್ಟು ಹಿಂದಿರುಗಿಸಿ ಎಂದು ಹೆಡ್ ಸಿಸ್ಟರ್ ಲಿಖಿತವಾಗಿ ಕೇಳಿದರು. ಸಾಕ್ಷ್ಯವಸ್ತುವನ್ನು ವಿಚಾರಣೆ ಮುಗಿಯುವವರೆಗೆ ಬಿಡುಗಡೆ ಮಾಡಲಾಗದು ಎಂದು ತಾವು ಲಿಖಿತವಾಗಿ ಉತ್ತರಿಸಿದಿರಿ. ಈಗ ಯಾರಿಗಾದರೂ ಉಸಿರು ಕಟ್ಟಿದರೆ ಆಂಬುಲೆನ್ಸ್ ಡ್ರೈವರಿನ ಸ್ಪ್ಯಾನರ್ ತರಿಸುತ್ತಾರೆ. ಆಂಬುಲೆನ್ಸ್ ಹೊರಗೆ ಹೋಗಿಲ್ಲದಿದ್ದರೆ, ಎಂದು ಸೇರಿಸಿ ಓದಿಕೊಳ್ಳಬೇಕು. ಆ ಸ್ಪ್ಯಾನರ್ ಜಾರುತ್ತದೆ, ಕಡ್ಡಿಯ ಮೂಲೆಗಳು ಸವೆದು ದುಂಡಗಾಗುತ್ತಿವೆ. ಪೂರ್ತಿ ದುಂಡಗಾದ ದಿನ ಯಾವ ಕೀಲಿಯೂ ಕೂರುವುದಿಲ್ಲ. ಸಿಲಿಂಡರಿನ ಮೇಲೆ ನಾನು ಬರೆದ ಅಂಕಿ ಮಾತ್ರ ಚೆನ್ನಾಗಿ ಕಾಣುತ್ತಿರುತ್ತದೆ, ಬಾಗಿಲಿನಿಂದಲೂ.

ಇದನ್ನೆಲ್ಲ ಎದುರಿಗೆ ಬಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬಂದಿದ್ದೆ. ಚಿಕ್ಕಮ್ಮ ಅಮಾನತಾದ ಮೂರನೇ ದಿನ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ತಮ್ಮ ಕೋಣೆಗೆ ಬಂದೆ. ತಾವು ತಲೆ ಎತ್ತಿ, "ಏನು?" ಎಂದಿರಿ. ನನ್ನ ಬಾಯಿಂದ ಬಂದದ್ದು, "ಏನಿಲ್ಲ ಸಾರ್, ಕಿಟಕಿಗೆ ಬಣ್ಣ ಹೊಡೀಬೇಕಾ ಅಂತ ಕೇಳೋಕೆ." "ಬೇಡ" ಎಂದಿರಿ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನ್ನನ್ನೇ ಬೈದುಕೊಂಡೆ. ಮನೆಯಲ್ಲಿ ಚಿಕ್ಕಮ್ಮ ಕೇಳಿ ನಕ್ಕಳು. "ಬಣ್ಣ ಬೇಡ ಅಂದನಲ್ಲ, ಸದ್ಯ. ಹೂಂ ಅಂದಿದ್ರೆ ನನ್ನ ಕೆಲಸ ಕಳೆದವನ ಕಿಟಕಿಗೆ ನೀನು ಬಣ್ಣ ಬಳೀತಾ ಕೂರ್ಬೇಕಿತ್ತು."

ಆ ನಗು ಈಗ ಕಡಿಮೆಯಾಗಿದೆ. ಎದುರು ಮನೆಯಾಕೆ ಹನ್ನೆರಡು ವರ್ಷದಿಂದ ಕೆಲಸಕ್ಕೆ ಹೋಗುವಾಗ ತನ್ನ ಮನೆಯ ಬೀಗದಕೈಯನ್ನು ಚಿಕ್ಕಮ್ಮನ ಬಳಿ ಬಿಟ್ಟು ಹೋಗುತ್ತಿದ್ದಳು. ಈಗ ಜೊತೆಗೇ ಒಯ್ಯುತ್ತಾಳೆ. ಯಾಕೆಂದು ಕೇಳಿದ್ದಕ್ಕೆ, "ನಿಮಗ್ಯಾಕೆ ಅಕ್ಕ ಸುಮ್ನೆ ತೊಂದ್ರೆ" ಎಂದಳು. ಆ ಹೊತ್ತು ಚಿಕ್ಕಮ್ಮ ಒಳಗೆ ಬಂದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಅವಳ ಬೆನ್ನನ್ನು ಅಷ್ಟು ಹೊತ್ತು ನೋಡುತ್ತ ನಾನು ಎಂದೂ ನಿಂತಿರಲಿಲ್ಲ.

ಆಮೇಲೆ ನಿಮ್ಮ ನೋಟೀಸು ಬಂತು. ಲಿಖಿತ ಕ್ಷಮಾಪಣೆ ಕೊಟ್ಟರೆ ಶಿಕ್ಷೆಯಲ್ಲಿ ಮೃದು ಧೋರಣೆ ತೋರಲಾಗುವುದು ಎಂದು. ಚಿಕ್ಕಮ್ಮನಿಗೆ ಬರೆಯಲು ಬಾರದು. ಕಾಗದ ಪೆನ್ನು ನನ್ನ ಮುಂದೆ ಇಟ್ಟಳು.

"ಬರೆದುಬಿಡೇ. ತಪ್ಪಾಯ್ತು ಅಂದ್ರೆ ನಾಲಿಗೆ ಏನು ಸವೆಯುತ್ತಾ?"

"ಏನು ತಪ್ಪು ಅಂತ ಬರೀಲಿ ಚಿಕ್ಕಮ್ಮ?"

"ಅದನ್ನ ನೀನೇ ಯೋಚ್ನೆ ಮಾಡಿ ಹಾಕು. ನಾನೂ ಹುಡುಕಿದೆ, ಸಿಗಲಿಲ್ಲ."

ನನಗೂ ಸಿಗಲಿಲ್ಲ. ಪುಸ್ತಕದಲ್ಲಿಲ್ಲದ ಕೀಲಿ ಆಸ್ಪತ್ರೆಯ ಸ್ವತ್ತಲ್ಲ ಎಂದು ತಮ್ಮ ಉಗ್ರಾಣವೇ ಹೇಳಿ ಕಳಿಸಿದೆ. ಸ್ವತ್ತಲ್ಲದ್ದನ್ನು ಕದ್ದರು ಎನ್ನುವುದು ಹೇಗೆ? ಬೇಕಾದಾಗ ಕೊಡಬೇಕಾಗಿ ಬಂದರೆ ಆ ಕೀಲಿ ಇಲ್ಲವೇ ಇಲ್ಲ. ಒಬ್ಬ ಬಡ ಹೆಂಗಸನ್ನು ಹಿಡಿಯಬೇಕಾಗಿ ಬಂದರೆ ಮಾತ್ರ ಇದ್ದೇ ಇದೆ. ಇದ್ದೂ ಇಲ್ಲದ ಇಂಥ ವಸ್ತುಗಳ ಬಗ್ಗೆ ದೊಡ್ಡವರು ತತ್ವ ಹೇಳುವುದನ್ನು ಕೇಳಿದ್ದೇನೆ. ದಾಸ್ತಾನು ವಿಭಾಗವೂ ಅದನ್ನು ಸಾಧಿಸಿದೆ ಎಂದು ಗೊತ್ತಿರಲಿಲ್ಲ.

ಈ ಪ್ರಶ್ನೆ ನನ್ನಂಥವಳಿಗೆ ಹೊಳೆದ ಮೇಲೆ ನಿಮ್ಮ ಹಿರಿಯ ಗುಮಾಸ್ತರಿಗೆ ಹೊಳೆಯದಿರುತ್ತದೆಯೇ? ಆರೋಪಪಟ್ಟಿಯ ನಮೂನೆಯಲ್ಲಿ 'ಕಳವಾದ ಸ್ವತ್ತಿನ ದಾಸ್ತಾನು ಸಂಖ್ಯೆ' ಎಂಬ ಒಂದು ಕಾಲಮ್ಮು ಇದೆ. ಅದು ಖಾಲಿ ಇತ್ತು. ಖಾಲಿ ಬಿಟ್ಟರೆ ವಿಚಾರಣೆಯಲ್ಲಿ ನಿಲ್ಲುವುದಿಲ್ಲ ಎಂದು ಅವರು ಹೇಳಿದರಂತೆ. ಒಂಬತ್ತು ದಿನದ ಹಿಂದೆ, ಮಧ್ಯಾಹ್ನ ಮೂರು ಗಂಟೆಗೆ, ನನಗೆ ಕರೆ ಬಂತು. ಸಣ್ಣ ಬ್ರಶ್ಶು ತೆಗೆದುಕೊಂಡು ಬಾ ಎಂದು. ನಾನು ಯಾರ ಮಗಳು, ಯಾರು ಸಾಕಿದವಳು ಎಂದು ತಾವು ವಿಚಾರಿಸಲಿಲ್ಲ. ನನ್ನ ಅದೃಷ್ಟ, ನಾನೂ ಅಂಕಿ ಬರೆಯಲಾಗದಷ್ಟು ಚಿಕ್ಕವಳು.

ತಮ್ಮ ಮೇಜಿನ ಮೇಲೆ ಕೀಲಿ ಇತ್ತು. ಪಟ್ಟಿ ಹಾಗೇ ಇತ್ತು.

"ಇದರ ಮೇಲೆ ಅಂಕಿ ಬರೀಬಹುದಾ?" ಎಂದು ಕೇಳಿದಿರಿ.

"ಬರೀಬಹುದು ಸಾರ್."

ಅಷ್ಟೇ, ಮಾನ್ಯರೇ. ಎರಡು ಮಾತು. ಈ ಎರಡು ಮಾತು ಹೋದ ವರ್ಷ ನಮ್ಮಿಬ್ಬರ ನಡುವೆ ನಡೆದಿದ್ದರೆ ದರ್ಜಿ ತಾತನ ತುಟಿ ನೀಲಿಯಾಗುತ್ತಿರಲಿಲ್ಲ. ತಗಡಿಲ್ಲದೆ, ಸಣ್ಣ ಬ್ರಶ್ಶಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ ನಾನು ಯಾವುದರ ಮೇಲೂ ಬರೆಯಬಲ್ಲೆ. ಕತ್ತರಿ, ಇಕ್ಕಳ, ಆ ಎಂಟು ಪುಟ್ಟ ಯಂತ್ರ, ಎಲ್ಲದರ ಮೇಲೂ. ಆಗ ತಮಗೆ ಬಾಗಿಲಿನಿಂದ ಓದುವ ಅಕ್ಷರ ಬೇಕಾಗಿತ್ತು. ಜೀವ ಉಳಿಸಲು ಹಿಡಿಸದ ಅಂಕಿ ಕಳ್ಳಿ ಮಾಡಲು ಸಲೀಸಾಗಿ ಹಿಡಿಸಿತು.

ತಾವು ಒಂದು ಚೀಟಿ ಕೊಟ್ಟಿರಿ. ಅದರಲ್ಲಿ ಬರೆಯಬೇಕಾದ ಅಂಕಿ ಇತ್ತು. ಪುಸ್ತಕಕ್ಕೆ ಸೇರಿದ ತಿಂಗಳು, ವರ್ಷ ಎಂಬಲ್ಲಿ ಹೋದ ವರ್ಷದ ಆರನೇ ತಿಂಗಳು ಎಂದಿತ್ತು. ನಾನು ಚೀಟಿ ನೋಡಿದೆ, ತಮ್ಮನ್ನು ನೋಡಿದೆ. "ಇದ್ದ ಹಾಗೇ ಬರಿ, ತಲೆ ಓಡಿಸ್ಬೇಡ" ಎಂದಿರಿ. ತಲೆ ಓಡಿಸಲಿಲ್ಲ. ಬಾಯಿಯೂ ಬಿಡಲಿಲ್ಲ. ಕಿಟಕಿಯ ಬೆಳಕಿಗೆ ಕೀಲಿ ಹಿಡಿದು ನಿಧಾನವಾಗಿ ಬರೆದೆ. ಆಸ್ಪತ್ರೆಯ ಎರಡಕ್ಷರ ಸರಿಯಾಗಿ ಬರೆದೆ, ವಿಭಾಗದ ಅಂಕಿ ಸರಿಯಾಗಿ ಬರೆದೆ, ಕ್ರಮಸಂಖ್ಯೆ ಸರಿಯಾಗಿ ಬರೆದೆ. ತಿಂಗಳು ವರ್ಷವನ್ನೂ ಸರಿಯಾಗಿ ಬರೆದೆ. ಈ ವರ್ಷ, ಈ ತಿಂಗಳು. ಎಂದರೆ ಚಿಕ್ಕಮ್ಮ ಗೇಟಿನಲ್ಲಿ ಸಿಕ್ಕಿಬಿದ್ದ ಮೇಲಿನ ತಿಂಗಳು.

"ಆಯ್ತಾ?" ಎಂದಿರಿ. "ಆಯ್ತು ಸಾರ್" ಎಂದೆ. "ಒಣಗಿದ ಮೇಲೆ ಲಕೋಟೆಗೆ ಹಾಕು." ಹಾಕಿದೆ. ತಾವು ಹತ್ತಿರ ಬಂದು ಓದಲಿಲ್ಲ. ಅಭ್ಯಾಸವಿಲ್ಲ, ಪಾಪ. ನನ್ನೆದುರೇ ಅರಗು ಕಾಯಿಸಿ ಲಕೋಟೆಗೆ ಮೂರು ಮುದ್ರೆ ಒತ್ತಿದಿರಿ. ಒಂದರ ಮೇಲೆ ತಮ್ಮ ಸಹಿ, ಒಂದರ ಮೇಲೆ ಗುಮಾಸ್ತರ ಸಹಿ, ಒಂದರ ಮೇಲೆ ಗೇಟಿನ ಕಾವಲುಗಾರನ ಹೆಬ್ಬೆಟ್ಟು. ಅಂದಿನ ತಾರೀಕನ್ನೂ ಹಾಕಿದಿರಿ. ಆರೋಪಪಟ್ಟಿಯಲ್ಲಿ ಈಗ ಇರುವುದು ತಾವು ಚೀಟಿಯಲ್ಲಿ ಕೊಟ್ಟ ಅಂಕಿ. ಕೀಲಿಯ ಮೇಲೆ ಇರುವುದು ನಾನು ಬರೆದ ಅಂಕಿ. ಇವೆರಡು ಹೊಂದುವುದಿಲ್ಲ. ಹೊಂದಿಸಬೇಕೆಂದರೆ ಮೂರು ಮುದ್ರೆ ಒಡೆಯಬೇಕು, ಒಡೆದದ್ದು ಕಾಣುತ್ತದೆ. ಕಾಣಲೆಂದೇ ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ಎಲ್ಲರೂ ಓದುವಲ್ಲಿ ಕೊಟ್ಟಿದ್ದೇನೆ. ತಮ್ಮ ಚೀಟಿ, ತಮ್ಮ ಕೈಬರಹದ್ದೇ, ನನ್ನ ಬಣ್ಣದ ಡಬ್ಬಿಗೆ ಅಂಟಿಕೊಂಡು ಮನೆಗೆ ಬಂದುಬಿಟ್ಟಿದೆ. ಅದಕ್ಕೆ ದಾಸ್ತಾನು ಸಂಖ್ಯೆ ಇಲ್ಲದಿರುವುದರಿಂದ ಕಳವು ಎನ್ನಲಾಗದೆಂದು ಭಾವಿಸುತ್ತೇನೆ.

ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ಮೊದಲು ಹೆದರಿದಳು. "ನಿನ್ನ ಕೆಲಸವೂ ಹೋಗುತ್ತಲ್ಲೇ ಹುಚ್ಚಿ" ಎಂದಳು. ಆಮೇಲೆ ಕೇಳಿದಳು, "ಹಾಗಾದ್ರೆ ಆ ಕೀಲಿ ಈಗ ಪುಸ್ತಕಕ್ಕೆ ಬಂತು ಅನ್ನು." ಬಂತು ಚಿಕ್ಕಮ್ಮ ಎಂದೆ. "ಇನ್ನು ಕಳೆದ್ರೆ ಹೊಸದು ಕೊಡ್ಲೇಬೇಕಲ್ಲ?" ಕೊಡಲೇಬೇಕು. ಅವಳಿಗೆ ಅಷ್ಟು ಸಮಾಧಾನ. ತನ್ನ ಹೆಸರಿನ ಮಾತು ಅವಳಿಗೆ ಆಮೇಲೆ ನೆನಪಾಯಿತು.

ತಾವು ಮತ್ತೊಂದು ಸುತ್ತೋಲೆ ಬರೆಯುವಿರಾದರೆ, ನಿಯಮಕ್ಕೆ ಅವಳ ಮಾತನ್ನೇ ತೆಗೆದುಕೊಳ್ಳಬಹುದು. ಮಂಚ, ಕುರ್ಚಿ, ಪೆಟ್ಟಿಗೆಗಳನ್ನು ಅಳೆಯುತ್ತ ಕೂರಬೇಕಾಗಿಲ್ಲ. "ಇಲ್ಲ ಅಂದಾಗ ಯಾವುದಕ್ಕೆ ನಾವು ಓಡ್ತೀವೋ ಅದನ್ನ ಬರೀಲಿ. ಓಡದೆ ಇರೋದನ್ನ ಬಿಡ್ಲಿ." ಹತ್ತೊಂಬತ್ತು ವರ್ಷ ಓಡಿದವಳು ಹೇಳಿದ್ದು. ಪೆಟ್ಟಿಗೆ ಇಲ್ಲವೆಂದು ಯಾರೂ ಓಡಿದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಸೋಮವಾರ ಹನ್ನೊಂದು ಗಂಟೆಗೆ ಚಿಕ್ಕಮ್ಮ ಬರುತ್ತಾಳೆ. ಕ್ಷಮಾಪಣೆ ತರುವುದಿಲ್ಲ. ಹೆಡ್ ಸಿಸ್ಟರ್ ಬರುತ್ತಾರೆ, ಗುಂಗುರುಕೂದಲಿನವಳೂ ಕುಳ್ಳಿಯೂ ಬರುತ್ತಾರೆ, ದರ್ಜಿ ತಾತ ಮಗಳ ತೋಳು ಹಿಡಿದು ಬರುತ್ತೇನೆಂದಿದ್ದಾನೆ. ಇವರೆಲ್ಲರ ಎದುರಿಗೆ ಲಕೋಟೆ ಒಡೆಯಬೇಕು. ತಾವೇ ಕುರ್ಚಿಯಿಂದ ಎದ್ದು, ಕೀಲಿಯನ್ನು ಕಣ್ಣಿನ ಹತ್ತಿರ ಹಿಡಿದು, ಅದರ ಮೇಲಿನ ತಿಂಗಳು ವರ್ಷವನ್ನು ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಚಿಕ್ಕಮ್ಮ ತಲೆ ಬಗ್ಗಿಸುತ್ತಾಳೆ. ಆ ಪಟ್ಟಿಯನ್ನು ತಮ್ಮ ಕೈಯಾರೆ ಅವಳ ಕುತ್ತಿಗೆಗೆ ಹಾಕಿ ವಾರ್ಡಿಗೆ ಕಳಿಸಿಕೊಡಬೇಕು. ಬೇಗ ಕಳಿಸಬೇಕು. ಅಲ್ಲಿ ಮಂಚಗಳು ಖಾಲಿಯಿಲ್ಲ.

ಇಂತಿ,
ಬರೆದಿದ್ದಕ್ಕೆ ಸೋಮವಾರದಿಂದ ಬಹುಶಃ ಕೂಲಿಯಿಲ್ಲದವಳು,
ಎದುರಿಗೆ ನಿಂತರೆ ಈಗಲೂ ಕಿಟಕಿಯ ಬಣ್ಣದ ಮಾತನ್ನೇ ಆಡುವವಳು